ಹದಿನೇಳನೆಯ ಪುಟದ ತೀರ್ಪು

ನನ್ನ ಮಗಳು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ನಾನು ಮತ್ತು ನನ್ನ ಮಗ ಅಡುಗೆಮನೆಯಲ್ಲಿ ನಿಂತೋ, ಸ್ಟೂಲಿನ ಮೇಲೆ ಕೂತೋ ಊಟ ಮುಗಿಸುತ್ತಿದ್ದೆವು. ಊಟದ ಮೇಜು ಖಾಲಿ ಇರಲಿಲ್ಲ. ಅದರ ಮೇಲೆ ಚೌಕಗಳನ್ನು ಬರೆದ ದೊಡ್ಡ ಹಾಳೆ, ಹಾಳೆಯ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳು, ದಾಳಗಳು, ಪೆನ್ಸಿಲ್ಲುಗಳು, ಅವಳು ಕೊನೆಯ ಸಲ ಎದ್ದು ಹೋದಾಗ ಹೇಗಿದ್ದವೋ ಹಾಗೆಯೇ ಇದ್ದವು. ಮಗ ಮೇಜಿನ ನಾಲ್ಕು ಕಡೆಗೆ ನಾಲ್ಕು ಉದ್ದ ಲೋಟ ಬೋರಲಿಟ್ಟು, ಗೊಂಬೆಗಳಿಗೆ ತಾಗದ ಹಾಗೆ ಒಂದು ಹಳೆಯ ಬೆಡ್‌ಶೀಟು ಹೊದಿಸಿದ್ದ. ವಾರಕ್ಕೊಮ್ಮೆ ಅದನ್ನು ತೆಗೆದು ಒದರಿ ಮತ್ತೆ ಹೊದಿಸುತ್ತಿದ್ದ. ಅದರ ಬಗ್ಗೆ ನಾವಿಬ್ಬರೂ ಮಾತಾಡುತ್ತಿರಲಿಲ್ಲ.

ಈ ಆಟ ತಿಳಿಯದವರಿಗೆ ನಾಲ್ಕು ಮಾತು ಹೇಳಬೇಕು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಹೋಗುತ್ತಾರೆ. ಪಾತ್ರವೆಂದರೆ ಒಂದು ಕಾಗದ. ಅದರಲ್ಲಿ ಬಲ, ವೇಗ, ಕಿವಿ, ಮಾತು, ಮದ್ದು ಎಂದು ಸಾಲುಗಳಿರುತ್ತವೆ. ಎಲ್ಲರಿಗೂ ಸಮನಾಗಿ ನಲವತ್ತು ಅಂಕ ಕೊಟ್ಟು, ಯಾವ ಸಾಲಿಗೆ ಎಷ್ಟು ಎಂಬುದನ್ನು ಅವರವರಿಗೇ ಬಿಡುತ್ತಾರೆ. ಏಟು ತಗಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಉಳಿದದ್ದನ್ನೆಲ್ಲ ಇಟ್ಟಿಗೆಯಷ್ಟು ದಪ್ಪದ ನಿಯಮದ ಪುಸ್ತಕ ಹೇಳುತ್ತದೆ, ಮತ್ತು ಜಗಳವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ನಮ್ಮ ಮನೆಯ ಆಟದ ಕಥೆ ನಡೆಸುತ್ತಿದ್ದವರು ಬೀದಿಯ ತುದಿಯಲ್ಲಿ ಕ್ಲಿನಿಕ್ಕು ಇಟ್ಟಿರುವ ಹಲ್ಲಿನ ಡಾಕ್ಟರು. ನನ್ನ ಮಗಳ ಗೆಳತಿ. ಆಡುತ್ತಿದ್ದವರು ನನ್ನ ಮಗಳು, ಅವಳ ತಮ್ಮ, ಮತ್ತು ಎದುರಿನ ಬೇಕರಿಯವನು. ಏಳು ವರ್ಷ, ಭಾನುವಾರ ಮಧ್ಯಾಹ್ನ ಎಂದರೆ ನಾಲ್ವರೂ ಮೇಜಿನ ಸುತ್ತ. ನಾನು ಒಳಕೋಣೆಯಲ್ಲಿ ನನ್ನ ಪಾರಾಯಣದ ಪುಸ್ತಕ ಹಿಡಿದು ಕೂರುತ್ತಿದ್ದೆ. ದಾಳ ಮುಟ್ಟುವುದಿಲ್ಲ ಎಂದು ನಾನು ಹರೆಯದಲ್ಲೇ ದೇವರ ಮುಂದೆ ಮಾತು ಕೊಟ್ಟವನು. ಮಕ್ಕಳಿಗೆ ಬೇಡವೆನ್ನಲಿಲ್ಲ. ಅವರ ತಾಯಿ ಹೋದಮೇಲೆ ಮನೆಯಲ್ಲಿ ಗಟ್ಟಿಯಾಗಿ ನಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಮಗನದು ಲಿಫ್ಟ್ ರಿಪೇರಿಯ ಕೆಲಸ. ಹಗ್ಗ ಎಷ್ಟು ಭಾರ ತಡೆಯುತ್ತದೆ, ಬ್ರೇಕು ಎಷ್ಟು ಸವೆದಿದೆ ಎಂದು ದಿನವೆಲ್ಲ ಲೆಕ್ಕ ಹಾಕುವವನು. ಆಟದಲ್ಲೂ ಅದೇ ಬುದ್ಧಿ. ಅವನ ಪಾತ್ರ ಒಬ್ಬ ಗುರಾಣಿಯ ಭಟ. ನಲವತ್ತು ಅಂಕದಲ್ಲಿ ಒಂದನ್ನೂ ಪೋಲು ಮಾಡದೆ, ಏಟು ತಡೆಯುವುದಕ್ಕೆ ಬೇಕಾದ ಸಾಲುಗಳಿಗೇ ತುಂಬಿದ್ದ. ಆ ಪುಸ್ತಕದ ಯಾವ ಮೂಲೆಯ ಟಿಪ್ಪಣಿಯನ್ನು ಯಾವುದರ ಜೊತೆ ಸೇರಿಸಿದರೆ ಇನ್ನೊಂದು ಅಂಕ ಸಿಗುತ್ತದೆ ಎಂದು ಊಟದ ತಟ್ಟೆಯ ಮುಂದೆಯೂ ಗುಣಿಸುತ್ತಿದ್ದ. ಏಳು ವರ್ಷದಲ್ಲಿ ಆ ಭಟ ಒಮ್ಮೆಯೂ ನೆಲಕ್ಕೆ ಬಿದ್ದಿರಲಿಲ್ಲ. ಬೇಕರಿಯವನು ಅವನಿಗೆ ‘ಕಂಬ’ ಎಂದು ಹೆಸರಿಟ್ಟಿದ್ದ. ಮಾತಿನ ಸಾಲಿಗೆ ಸೊನ್ನೆ ಕೊಟ್ಟಿದ್ದರಿಂದ ಕಂಬ ಯಾವ ಅರಮನೆಗೆ ಹೋದರೂ ಕೆಲಸ ಕೆಡಿಸಿಕೊಂಡೇ ಬರುತ್ತಿದ್ದ.

ಮಗಳದು ಕಿವಿ ಕೇಳಿಸದವರಿಗೆ ಯಂತ್ರ ಹೊಂದಿಸಿಕೊಡುವ ಕೆಲಸ. ಅವಳ ಪಾತ್ರ ಊರೂರು ಅಲೆಯುವ ಮದ್ದಿನ ಹೆಂಗಸು. ಅಂಕಗಳನ್ನು ಅವಳು ಹಂಚಿದ ರೀತಿ ನೋಡಿ ತಮ್ಮ ತಲೆ ಚಚ್ಚಿಕೊಳ್ಳುತ್ತಿದ್ದ.

“ಅಡುಗೆಗೆ ನಾಲ್ಕು ಪಾಯಿಂಟಾ? ಅಕ್ಕ, ರಾಕ್ಷಸ ಬಂದ್ರೆ ಎಲೆ ಹಾಕಿ ಬಡಿಸ್ತೀಯಾ?”

“ಬಡಿಸ್ತೀನಿ. ಉಂಡವನು ಸ್ವಲ್ಪ ನಿಧಾನಕ್ಕೆ ಹೊಡೀತಾನೆ ಕಣೋ.”

“ಆ ನಾಲ್ಕನ್ನ ಕವಚಕ್ಕೆ ಹಾಕು, ಇನ್ನೊಂದು ಏಟು ತಡ್ಕೋತೀಯ.”

“ಏಟು ತಡ್ಕೊಳ್ಳೋಕೆ ನೀನಿದ್ದೀಯಲ್ಲ. ಕಂಬ ಇರೋ ಮನೇಲಿ ಇನ್ನೊಂದು ಕಂಬ ಯಾಕೆ?”

ಅವರ ಮೇಜಿಗೆ ಒಂದು ಕ್ರಮವಿತ್ತು. ಪುಸ್ತಕ ಸ್ಪಷ್ಟವಾಗಿ ಹೇಳದ ಸಂಗತಿಯಲ್ಲಿ ಜಗಳ ಬಂದರೆ, ಇಬ್ಬರ ವಾದವನ್ನೂ ಕೇಳಿ ಡಾಕ್ಟರು ತೀರ್ಪು ಕೊಡುವುದು. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ, ಕೇಳಿದವರು ಯಾರೆಂದು ಸಮೇತ ಬರೆದು, ನಾಲ್ವರೂ ಸಹಿ ಹಾಕುವುದು. ಸಹಿ ಬಿದ್ದ ತೀರ್ಪನ್ನು ನಾಲ್ವರೂ ಒಪ್ಪಿದರೆ ಮಾತ್ರ ಬದಲಾಯಿಸಬಹುದು. ಬರೆಯುವ ಕೆಲಸ ನನ್ನ ಮಗಳದು, ಅವಳ ಅಕ್ಷರ ಗುಂಡಗಿತ್ತು ಎಂಬ ಕಾರಣಕ್ಕೆ.

ಹದಿನೇಳನೆಯ ಪುಟದ ತೀರ್ಪು ಕೇಳಿದವನು ನನ್ನ ಮಗ. ಯಾವುದೋ ಮಾಟಗಾರ ವಿಷದ ಹೊಗೆ ಬಿಟ್ಟಿದ್ದ. ಹೊಗೆ ‘ಪಕ್ಕದ ಮನೆಗಳಿಗೆ’ ಹರಡುತ್ತದೆ ಎಂದು ಪುಸ್ತಕದಲ್ಲಿತ್ತು. ಮನೆ ಎಂದರೆ ಹಾಳೆಯ ಮೇಲಿನ ಚೌಕ. ಕಂಬ ನಿಂತಿದ್ದ ಚೌಕ ಹೊಗೆಯ ಚೌಕಕ್ಕೆ ಮೂಲೆಯಲ್ಲಿ ಮಾತ್ರ ತಾಗಿತ್ತು. ಮೂಲೆ ತಾಗಿದರೆ ಅದು ಪಕ್ಕವಲ್ಲ ಎಂದು ಮಗ ವಾದಿಸಿದ. ಎರಡು ದಿನ ಕೂತು ನಕ್ಷೆ ಬರೆದು ತಂದಿದ್ದ. ಬೇಕರಿಯವನು, “ಪುಣ್ಯಾತ್ಮ, ಹೊಗೆಗೆ ಮೂಲೆ ಗೊತ್ತಾಗುತ್ತಾ?” ಎಂದ. ಆದರೆ ನಕ್ಷೆಯ ಮುಂದೆ ಯಾರ ಮಾತೂ ನಡೆಯಲಿಲ್ಲ. ‘ಮೂಲೆ ತಾಗಿದರೆ ಪಕ್ಕವಲ್ಲ. ಕೇಳಿದವನು: ನನ್ನ ತಮ್ಮ’ ಎಂದು ಮಗಳು ಬರೆದಳು. ನಾಲ್ಕು ಸಹಿ ಬಿದ್ದವು. ಆಮೇಲೆ ಮಗ ಆ ತೀರ್ಪಿನ ಮೇಲೆಯೇ ಕಂಬನ ನಿಲುವನ್ನೆಲ್ಲ ಕಟ್ಟಿದ. ಯಾವಾಗಲೂ ಶತ್ರುವಿನ ಮೂಲೆಗೆ ನಿಲ್ಲುವುದು, ಏಟು ತಾಗದೆ ಉದ್ದ ಈಟಿಯಿಂದ ಹೊಡೆಯುವುದು. ಎಂಟು ತಿಂಗಳು ಅದು ಚೆನ್ನಾಗಿ ನಡೆಯಿತು.

ಕೊನೆಯ ಭಾನುವಾರ ಅವರೆಲ್ಲ ಒಂದು ಪಾಳು ಕೋಟೆಯೊಳಗಿದ್ದರು. ಅದನ್ನು ಕಾಯುವ ಮೃಗ ಎದ್ದಿತ್ತು. ಬೇಕರಿಯವನ ಪಾತ್ರಕ್ಕೆ ಬಲವಾದ ಗಾಯವಾಗಿತ್ತು. ಮಗಳು ಅವನನ್ನು ಬಾಗಿಲಿನಾಚೆ ಸಾಗಿಸಿ, ಬಿಟ್ಟುಬಂದ ಮದ್ದಿನ ಚೀಲಕ್ಕೆಂದು ಹಿಂದಿರುಗಿದಳು. ಮೃಗದ ಏಟು ಅವಳ ಮೇಲೆ ಬಿತ್ತು. ಹದಿಮೂರು. ಅವಳಲ್ಲಿ ಉಳಿದಿದ್ದ ಜೀವದ ಅಂಕ ಒಂಬತ್ತು.

“ಆ ಏಟು ನಂದು,” ಎಂದ ಮಗ. ಪಕ್ಕದ ಮನೆಯಲ್ಲಿರುವವರ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವ ಹಕ್ಕು ಗುರಾಣಿಯವನಿಗಿತ್ತು. ಡಾಕ್ಟರು ಆಗಲಿ ಎನ್ನುವುದರಲ್ಲಿದ್ದರು. ಮಗಳು ನೋಟ್‌ಬುಕ್ಕು ತೆರೆದಳು. ನಾನು ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

“ಹದಿನೇಳನೇ ಪುಟ. ನೀನು ನನ್ನ ಮೂಲೇಲಿದ್ದೀಯ ಕಣೋ, ಪಕ್ಕದಲ್ಲಿಲ್ಲ.”

“ಅಕ್ಕ, ತಮಾಷೆ ಮಾಡ್ಬೇಡ. ಸತ್ತೋಗ್ತೀಯ.”

“ಹೊಗೆ ಬಂದಾಗ ಮೂಲೆ ಪಕ್ಕ ಅಲ್ಲ, ನಿನಗೆ ಬೇಕಾದಾಗ ಪಕ್ಕ. ಅದು ಹೇಗಾಗುತ್ತೆ? ನೀನೇ ಕೇಳಿ ಬರೆಸಿದ್ದು.”

“ಬದಲಾಯಿಸೋಣ. ಎಲ್ಲರೂ ಸಹಿ ಹಾಕಿ.”

“ನಾನು ಹಾಕಲ್ಲ.”

ಮಗನ ಕುರ್ಚಿ ಹಿಂದಕ್ಕೆ ಸರಿದದ್ದು ಕೇಳಿಸಿತು. “ನನ್ನ ಮೇಲೆ ಗೆಲ್ಲೋದಕ್ಕೋಸ್ಕರ ಸಾಯ್ತೀಯಾ? ಸಾಯಿ ಹಾಗಾದ್ರೆ,” ಎಂದು ಹೇಳಿ ಎದ್ದುಹೋದ.

ಆ ಮಾತು ನನ್ನ ಮನೆಯಲ್ಲಿ ಆಡಿದ್ದು ನನಗೆ ಹಿಡಿಸಲಿಲ್ಲ. ಸಂಜೆ ಮಗಳನ್ನು ಕೇಳಿದೆ. “ಆಟದ ಮಾತು ಅಪ್ಪ, ನೀವು ತಲೆಗೆ ಹಚ್ಕೋಬೇಡಿ,” ಎಂದಳು. ಹತ್ತು ದಿನ ಅಕ್ಕ ತಮ್ಮ ಒಂದೇ ಮನೆಯಲ್ಲಿ ಮಾತಿಲ್ಲದೆ ಓಡಾಡಿದರು. ಇಬ್ಬರೂ ದೊಡ್ಡವರು, ತಾವೇ ಸರಿಮಾಡಿಕೊಳ್ಳುತ್ತಾರೆ ಎಂದು ನಾನು ಸುಮ್ಮನಿದ್ದೆ. ಹನ್ನೊಂದನೆಯ ದಿನ ಅವಳು ಕೆಲಸದ ಕೋಣೆಯಲ್ಲಿ, ಒಬ್ಬ ಮುದುಕಿಯ ಕಿವಿಗೆ ಯಂತ್ರ ಇಟ್ಟು ನೋಡುತ್ತಿದ್ದಾಗ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಮೂರು ದಿನ ಆಸ್ಪತ್ರೆಯಲ್ಲಿ ಉಸಿರಾಡಿದಳು, ಕಣ್ಣು ತೆರೆಯಲಿಲ್ಲ. ಅವಳಿಗೆ ಮೂವತ್ತೆರಡು ವರ್ಷ.

ಮಗ ಅಳಲಿಲ್ಲ. ಕೆಲಸಕ್ಕೆ ಹೋದ, ಬಂದ, ಉಂಡಷ್ಟು ಉಂಡ. ನಾಲ್ಕು ತಿಂಗಳಾದಮೇಲೆ ಒಂದು ಭಾನುವಾರ ಬೆಳಿಗ್ಗೆ, ನಾನು ಪ್ರಾರ್ಥನೆ ಮುಗಿಸಿ ಏಳುವುದನ್ನೇ ಕಾಯುತ್ತಿದ್ದವನು, ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟ. ಹೊಸ ಪುಟದಲ್ಲಿ ಅವನ ಓರೆ ಅಕ್ಷರ: ‘ಹದಿನೇಳನೆಯ ಪುಟದ ತೀರ್ಪನ್ನು ರದ್ದುಪಡಿಸಬೇಕು. ಮೂಲೆ ತಾಗಿದರೂ ಪಕ್ಕವೇ. ಈಗ ನಿಂತಿರುವ ಕಾಳಗಕ್ಕೂ ಇದು ಅನ್ವಯಿಸಬೇಕು.’ ಕೆಳಗೆ ಅವನದು, ಡಾಕ್ಟರದು, ಬೇಕರಿಯವನದು, ಮೂರು ಸಹಿ. ನಾಲ್ಕನೆಯ ಗೆರೆ ಖಾಲಿ.

“ಅದು ಅಕ್ಕನ ಜಾಗ,” ಎಂದ. “ಬರೋಕಾಗದೆ ಇರೋರ ಪರವಾಗಿ ಮನೆಯವರು ಹಾಕ್ಬಹುದು. ಬೇಕರಿಯವನಿಗೆ ಜ್ವರ ಬಂದಾಗ ಅವನ ಹೆಂಡ್ತಿ ಹಾಕಿದ್ಲು, ಒಂಬತ್ತನೇ ಪುಟದಲ್ಲಿದೆ. ಕೇಳಿರೋನು ನಾನಾದ್ದರಿಂದ ಅವಳ ಪರವಾಗಿ ನಾನು ಹಾಕೋ ಹಾಗಿಲ್ಲ. ನೀವು ಹಾಕ್ಬೇಕು ಅಪ್ಪ. ಒಂದು ಸಹಿ.”

“ಹಾಕಿದರೆ ಏನಾಗುತ್ತೆ?”

“ಏಟು ನನಗೆ ಬರುತ್ತೆ. ಅವಳು ಬದುಕ್ತಾಳೆ.”

ಅವನು ‘ಅವಳ ಪಾತ್ರ’ ಎನ್ನಲಿಲ್ಲ. ನಾನು ಒಂದು ವಾರ ಕೊಡು ಎಂದೆ.

ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಒಮ್ಮೆ ನನ್ನ ಸ್ವಂತ ಅಣ್ಣನ ದಿನಸಿ ಅಂಗಡಿಯಲ್ಲಿ ಎರಡು ಕಿಲೋ ತೂಕದ ಬಟ್ಟು ಇಪ್ಪತ್ತು ಗ್ರಾಂ ಸವೆದಿತ್ತು. ಜಪ್ತಿ ಮಾಡಿದೆ. ಎರಡು ವರ್ಷ ಅಣ್ಣ ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಈ ಕಥೆಯನ್ನು ಮಗಳು ಎಲ್ಲರಿಗೂ ಹೇಳಿ, “ನಮ್ಮಪ್ಪ ತಕ್ಕಡಿ” ಎಂದು ನಗುತ್ತಿದ್ದಳು. ಆದರೆ ಆಗ ನನಗೆ ಮೂವತ್ತು ವರ್ಷ, ಕೈ ಗಟ್ಟಿಯಿತ್ತು. ಈಗ ಒಬ್ಬಳನ್ನು ಮಣ್ಣಿಗೆ ಕೊಟ್ಟು ಬಂದಿದ್ದೆ. ಉಳಿದವನು ಒಬ್ಬನೇ ಮಗ. ಒಂದು ಗೆರೆಯ ಮೇಲೆ ನಾಲ್ಕು ಅಕ್ಷರ ಬರೆದರೆ ಅವನ ಎದೆ ಹಗುರವಾಗುವುದಾದರೆ ಯಾರಿಗೆ ನಷ್ಟ? ಯಾವ ಗಿರಾಕಿಗೆ ಮೋಸ?

ಆ ವಾರ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ, ಗೆರೆಯ ಕೆಳಗೆ ಬೆರಳಿಟ್ಟು. ಮೂವತ್ತೊಂದು ತೀರ್ಪು. ಅದರಲ್ಲಿ ಹತ್ತೊಂಬತ್ತು ನನ್ನ ಮಗ ಕೇಳಿದ್ದು, ಹದಿನಾರು ಅವನು ಗೆದ್ದದ್ದು. ಮಗಳು ತನಗಾಗಿ ಕೇಳಿದ್ದು ಒಂದೂ ಇರಲಿಲ್ಲ. ತನಗೆ ನಷ್ಟವಾದ ಕಡೆಯೂ ಅವಳ ಅಕ್ಷರ ಅಷ್ಟೇ ಗುಂಡಗಿತ್ತು. ಗುರುವಾರ ಪೆನ್ನು ಹಿಡಿದೆ. ಅವಳ ಸಹಿಯ ಮೊದಲ ಅಕ್ಷರದ ಸುಳಿ ಹೇಗೆಂದು ನನಗೆ ಗೊತ್ತಿತ್ತು, ಕಲಿಸಿದವನು ನಾನೇ. ಕೈ ಮುಂದೆ ಹೋಗಲಿಲ್ಲ. ದೇವರ ಮುಂದೆ ಕೂತು, ಸ್ವಾಮಿ, ಇದು ಒಂದು ಗೊಂಬೆಯ ವಿಷಯ, ನಿನ್ನನ್ನು ಕೇಳಲು ನಾಚಿಕೆ, ಆದರೂ ಕೇಳುತ್ತೇನೆ ಎಂದೆ. ನನಗೆ ಯಾವ ಉತ್ತರವೂ ಕೇಳಿಸಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಮಲಗಿದೆ.

ಭಾನುವಾರ ಮಧ್ಯಾಹ್ನ ಡಾಕ್ಟರು, ಬೇಕರಿಯವನು ಬಂದರು. ಮಗ ಬೆಡ್‌ಶೀಟು ತೆಗೆದು ಮಡಿಸಿದ. ಬೇಕರಿಯವನು ತಂದ ಬನ್ನುಗಳ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡ. ನಾನು ಮಗಳ ಕುರ್ಚಿಯಲ್ಲಿ ಕೂರಲಿಲ್ಲ, ಒಳಗಿಂದ ಬೇರೆ ಕುರ್ಚಿ ತಂದುಕೊಂಡೆ.

“ನೀವಿಬ್ಬರೂ ಯಾಕೆ ಸಹಿ ಹಾಕಿದಿರಿ?” ಎಂದು ಕೇಳಿದೆ.

ಡಾಕ್ಟರು ತಲೆ ತಗ್ಗಿಸಿದರು. “ಅವನ ಮುಖ ನೋಡಿ ಅಂಕಲ್. ರೂಲ್ ನೋಡಿ ಅಲ್ಲ.”

“ಯಜಮಾನ್ರೇ, ನನ್ನ ಪಾತ್ರನ ಕಾಪಾಡೋಕೆ ಹೋಗಿ ಅವಳಿಗೆ ಏಟು ಬಿದ್ದಿದ್ದು,” ಎಂದ ಬೇಕರಿಯವನು. “ಯಾವ ಕಾಗದ ಕೊಟ್ಟಿದ್ರೂ ಹಾಕ್ತಿದ್ದೆ.”

ನಾನು ನೋಟ್‌ಬುಕ್ಕನ್ನು ಮಗನ ಕಡೆಗೆ ಸರಿಸಿದೆ. ನಾಲ್ಕನೆಯ ಗೆರೆ ಖಾಲಿಯೇ ಇತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ.

“ನಿಮ್ಮಣ್ಣನ ಬಟ್ಟನ್ನೂ ಬಿಡಲಿಲ್ಲ,” ಎಂದ. “ಮಗಂದು ಬಿಡ್ತೀರಾ?”

“ನನ್ನ ಸಹಿ ಕೇಳಿದ್ದರೆ ಹಾಕ್ತಿದ್ದೆನೇನೋ ಮಗ. ನೀನು ಅವಳದು ಕೇಳಿದೆ. ಅವಳು ಈ ಮೇಜಿನ ಮುಂದೆ ಕೂತು, ನಾನು ಹಾಕಲ್ಲ ಅಂದಳು. ಅದನ್ನ ನಾನೂ ಕೇಳಿದೆ, ನೀನೂ ಕೇಳಿದೆ. ಅವಳಿಗೆ ಈಗ ಬಾಯಿಲ್ಲ ಅಂತ ನಾನು ಅವಳ ಕೈ ಹಿಡಿದು ಬರೆಸಲಾ? ಅವಳು ಹೇಳಿದ್ದು ಸರಿ. ನಿನ್ನ ನಕ್ಷೆ ಸರಿ. ನೀನು ಆವತ್ತು ಮೂಲೇಲಿದ್ದೆ.”

“ನಾನು ಅವಳಿಗೆ ಸಾಯಿ ಅಂದೆ ಅಪ್ಪ.”

ನಾಲ್ಕು ತಿಂಗಳಲ್ಲಿ ಅವನು ಆ ಮಾತು ತೆಗೆದದ್ದು ಅದೇ ಮೊದಲು. ಬೇಕರಿಯವನು ಪೊಟ್ಟಣದ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದ.

“ಗೊತ್ತು. ಒಳಗಿದ್ದೆ, ಕೇಳಿಸ್ತು.”

“ಹತ್ತು ದಿನ ಇತ್ತು ನನ್ನ ಹತ್ರ. ದಿನಾ ಅವಳ ರೂಮಿನ ಮುಂದೇನೇ ಹಾದು ಹೋಗ್ತಿದ್ದೆ.”

“ನನಗೂ ಆ ಹತ್ತು ದಿನ ಇತ್ತು. ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದಿತ್ತು. ನಾನು ಪುಸ್ತಕ ಓದ್ತಾ ಕೂತಿದ್ದೆ. ಅದು ತಪ್ಪೇ. ನಿನ್ನ ಮಾತೂ ತಪ್ಪೇ. ತಪ್ಪಲ್ಲ ಅಂತ ನಾನು ಹೇಳಲ್ಲ.” ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ. “ಆದರೆ ಒಂದು ಕೇಳು. ಅವಳು ಬದುಕಲಿ, ನನ್ನನ್ನ ತಗೋ ಅಂತ ನಾನು ಆಸ್ಪತ್ರೆ ಕಾರಿಡಾರಿನಲ್ಲಿ ಮೂರು ಹಗಲು ಮೂರು ರಾತ್ರಿ ಬೇಡಿಕೊಂಡೆ. ಅರವತ್ತು ವರ್ಷ ಒಂದು ದಿನ ತಪ್ಪದೆ ದೇವರಿಗೆ ಕೈಮುಗಿದವನು ನಾನು. ನನ್ನ ಮಾತೇ ನಡೀಲಿಲ್ಲ. ಸಿಟ್ಟಿನಲ್ಲಿ ನೀನು ಅಂದ ಒಂದು ಮಾತು ನಡೀತು ಅಂತೀಯಾ? ಕೊಡೋದು, ತಗೊಳ್ಳೋದು ನಮ್ಮ ನಾಲಿಗೇಲಿ ಇಲ್ಲ ಕಣೋ. ಇದ್ದಿದ್ರೆ ಅವಳು ಇಲ್ಲೇ ಕೂತಿರ್ತಿದ್ಲು.”

ಅವನು ಪೆನ್ಸಿಲ್ಲು ತೆಗೆದುಕೊಂಡು ತಾನು ಬರೆದ ಕೋರಿಕೆಯ ಮೇಲೆ ಅಡ್ಡಗೆರೆ ಎಳೆದ. ಆಮೇಲೆ ಡಾಕ್ಟರ ಕಡೆ ನೋಡಿ, “ಹದಿಮೂರು ಅವಳಿಗೇ,” ಎಂದ.

ಡಾಕ್ಟರು ಮದ್ದಿನ ಹೆಂಗಸಿನ ಗೊಂಬೆಯನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಮಲಗಿಸಿದರು. ಮಗಳ ಕಾಗದದಲ್ಲಿ ಒಂಬತ್ತನ್ನು ಹೊಡೆದು ಸೊನ್ನೆ ಬರೆದರು. ಅಷ್ಟು ಮಾಡಲು ಅವರಿಗೆ ತುಂಬ ಹೊತ್ತು ಹಿಡಿಯಿತು.

“ಈಗ ನಿನ್ನ ಸರದಿ,” ಎಂದರು. “ಗುರಾಣಿ ಹಿಡ್ಕೊಂಡು ಹೋದ್ರೆ ಎರಡು ಸರದೀಲಿ ಬಾಗಿಲಾಚೆ ಇರ್ತೀಯ. ಗೀರೂ ಬೀಳಲ್ಲ.”

“ಬಿದ್ದವರನ್ನ ಹೊತ್ಕೊಂಡು ಹೋಗೋಕೆ ಏನು ರೂಲು?”

ಡಾಕ್ಟರು ಪುಸ್ತಕ ತಿರುವಿದರು. ಏಳು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. “ಎತ್ತೋಕೆ ಒಂದು ಸರದಿ. ಎರಡೂ ಕೈ ಬೇಕು, ಗುರಾಣಿ ಕೆಳಗಿಡ್ಬೇಕು. ಆಮೇಲೆ ಒಂದು ಸರದಿಗೆ ಒಂದೇ ಮನೆ. ನೀನು ಮೂಲೇಲಿ ನಿಂತು ಪ್ರಯೋಜನ ಇಲ್ಲ, ಪ್ರತಿ ಸರದಿ ಮೃಗ ಪಕ್ಕಕ್ಕೇ ಬಂದು ಹೊಡೆಯುತ್ತೆ.”

“ಬಾಗಿಲಿಗೆ ಆರು ಮನೆ. ಏಳು ಏಟು. ನನ್ನ ಹತ್ರ ನಲವತ್ತೊಂದು ಜೀವ ಇದೆ.” ಅವನು ಕಣ್ಣು ಮುಚ್ಚಿ ಲೆಕ್ಕ ಹಾಕಿದ. ನಾನು ಆ ಮುಖವನ್ನು ಅವನು ಶಾಲೆಗೆ ಹೋಗುವಾಗಿನಿಂದ ನೋಡಿದ್ದೇನೆ. “ನಾಲ್ಕರಲ್ಲಿ ಒಂದು ಸಲ ಉಳೀಬಹುದು.”

“ಅವಳು ಹೋಗಿದ್ದಾಳೆ ಕಣೋ,” ಎಂದರು ಡಾಕ್ಟರು. “ಹೊತ್ತು ತಂದ್ರೂ ಏಳಲ್ಲ. ಈ ಕಥೇಲಿ ಅಂಥ ಮದ್ದಿಲ್ಲ.”

“ಗೊತ್ತು.”

ಅವನು ಕಂಬನ ಕಾಗದ ತೆಗೆದು ಗುರಾಣಿಯ ಸಾಲನ್ನು ರಬ್ಬರಿನಿಂದ ಅಳಿಸಿದ. ಏಳು ವರ್ಷ ಒಂದೊಂದೇ ಸೇರಿಸಿ ಕೂಡಿಟ್ಟ ಅಂಕ. ಬೇಕರಿಯವನು, “ನಾನೂ ಒಳಗೆ ಬರ್ತೀನಿ ತಾಳೋ, ಒಂದು ಕೈ ಹಿಡೀತೀನಿ,” ಎಂದ.

“ಬೇಡ. ನೀನು ಆಚೆ ಇರ್ಲಿ ಅಂತಾನೇ ಅಕ್ಕ ನಿನ್ನನ್ನ ಸಾಗಿಸಿದ್ದು. ಅಲ್ಲೇ ನಿಂತ್ಕೋ.” ಆಮೇಲೆ ನನ್ನ ಕಡೆ ತಿರುಗಿದ. “ಅಪ್ಪ, ದಾಳ ನೀವು ಮುಟ್ಟೋದು ಬೇಡ. ಅವಳನ್ನ ನನ್ನ ಹಿಂದೆ ಒಂದೊಂದೇ ಮನೆ ಸರಿಸ್ತೀರಾ?”

ಮಗಳನ್ನು ಹೊರುವ ದಿನ ಅವನು ಮುಂದೆ ಬಂದಿರಲಿಲ್ಲ. ಗೇಟಿನ ಹತ್ತಿರ ಗೋಡೆಗೆ ಒರಗಿ ನಿಂತುಬಿಟ್ಟಿದ್ದ. ನಾನು, ನನ್ನ ಅಣ್ಣ, ಬೇಕರಿಯವನು ಮತ್ತು ಅವಳ ಕೆಲಸದ ಕಡೆಯವನೊಬ್ಬ ಹೆಗಲು ಕೊಟ್ಟಿದ್ದೆವು. ಜನ ಅವನನ್ನು ಆಡಿಕೊಂಡರು. ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಸರಿಸುತ್ತೇನೆ ಎಂದೆ.

ಎತ್ತುವಾಗಲೇ ಹನ್ನೊಂದರ ಏಟು ಬಿತ್ತು. ಮೊದಲ ಮನೆಯಲ್ಲಿ ಮೃಗಕ್ಕೆ ಗುರಿ ತಪ್ಪಿತು. ಎರಡನೆಯದರಲ್ಲಿ ಒಂಬತ್ತು, ಮೂರನೆಯದರಲ್ಲಿ ಎಂಟು. ಡಾಕ್ಟರು ದಾಳವನ್ನು ಎಲ್ಲರೆದುರೇ ಉರುಳಿಸಿದರು, ಬಿದ್ದದ್ದನ್ನು ಬಿದ್ದಂತೆ ಹೇಳಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಒಂದು ಅಂಕವನ್ನೂ ಕಡಿಮೆ ಹೇಳಲಿಲ್ಲ. ಅದಕ್ಕಾಗಿ ನಾನು ಆ ಹೆಣ್ಣುಮಗಳಿಗೆ ಇಂದಿಗೂ ಋಣಿ. ಪ್ರತಿ ಸಲ ಮಗ ತನ್ನ ಗೊಂಬೆಯನ್ನು ಒಂದು ಮನೆ ಮುಂದಿಟ್ಟ. ನಾನು ಮಲಗಿದ್ದ ಗೊಂಬೆಯನ್ನು ಒಂದು ಮನೆ ಸರಿಸಿದೆ. ಅದು ಎಷ್ಟು ಹಗುರವಾಗಿತ್ತೆಂದರೆ ಬೆರಳಿಗೆ ತಿಳಿಯುತ್ತಲೇ ಇರಲಿಲ್ಲ. ನಾಲ್ಕನೆಯದರಲ್ಲಿ ಏಟು ತಪ್ಪಿತು. ಐದನೆಯದರಲ್ಲಿ ಹತ್ತು.

“ಎಷ್ಟುಳೀತು?” ಎಂದ ಬೇಕರಿಯವನು.

“ಮೂರು.”

ಕೊನೆಯ ದಾಳ ಉರುಳಿ ನಿಂತಿತು. ಡಾಕ್ಟರು ಬಗ್ಗಿ ಎರಡು ಸಲ ನೋಡಿದರು. “ತಪ್ಪಿತು,” ಎಂದರು. “ಬಾಗಿಲು ದಾಟಿದೆ.”

ಯಾರೂ ಖುಷಿಪಡಲಿಲ್ಲ. ಮಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

“ಆಚೆ ಏನಿದೆ?” ಎಂದು ಕೇಳಿದ.

ಡಾಕ್ಟರು ಕಣ್ಣೊರೆಸಿಕೊಂಡು ಕಥೆ ಹೇಳುವ ಧ್ವನಿಗೆ ಬಂದರು. “ಬಯಲು. ಬಿಸಿಲಿದೆ. ಒಂದು ಕಲ್ಲುಬಂಡೆ ಇದೆ, ಅದರ ಕೆಳಗೆ ಹುಲ್ಲು. ಮೃಗ ಇಲ್ಲಿಗೆ ಬರಲ್ಲ. ಏನು ಮಾಡ್ತೀಯ?”

“ಅವಳನ್ನ ಹುಲ್ಲಿನ ಮೇಲೆ ಇಳಿಸ್ತೀನಿ.”

“ಆಮೇಲೆ?”

“ಪಕ್ಕದಲ್ಲಿ ಕೂತ್ಕೋತೀನಿ.”

“ಎಷ್ಟು ಹೊತ್ತು? ಬರ್ಕೋಬೇಕು.”

ಅವನು ಉತ್ತರ ಹೇಳಲು ಬಾಯಿ ತೆರೆದ. ಅಲ್ಲಿಗೆ ಅವನಿಂದಾಗಲಿಲ್ಲ. ಮೇಜಿನ ಮೇಲೆ ತೋಳು ಮಡಿಸಿ ಮುಖ ಇಟ್ಟು, ಭುಜ ಕುಲುಕಿಸಿ ಅತ್ತ. ಡಾಕ್ಟರು ಪೆನ್ಸಿಲ್ಲು ಕೆಳಗಿಟ್ಟರು. ನಾನು ಎದ್ದು ಅವನ ಬೆನ್ನಿನ ಮೇಲೆ ಕೈಯಿಟ್ಟು ನಿಂತೆ. ಅವನು ಸಾಕಾಗುವವರೆಗೂ ಅಳಲಿ ಎಂದು ನಾವು ಮೂವರೂ ಕಾದೆವು.